ಮಾರ್ಕೋಸ್ ಕನಸಿನ ಕರಾವಳಿ ಹುಡುಗರಿಗೆ: ತಯಾರಿ ಎಲ್ಲಿಂದ, ಹೇಗೆ?

"ಮಾರ್ಕೋಸ್‌ಗೆ ಅರ್ಜಿ ಎಲ್ಲಿ ಹಾಕೋದು ಸರ್?" ನೌಕಾಪಡೆಯ ನೇಮಕಾತಿ ಪ್ರಕಟಣೆ ಬಂದಾಗಲೆಲ್ಲ ಕಾರವಾರ, ಅಂಕೋಲಾ, ಕುಮಟಾ ಕಡೆಯ ಹುಡುಗರು ಕೇಳುವ ಮೊದಲ ಪ್ರಶ್ನೆ ಇದೇ. ಉತ್ತರ ಕೇಳಿ ಕೆಲವರ ಮುಖ ಸಪ್ಪೆಯಾಗುತ್ತದೆ. ಎಲ್ಲೂ ಹಾಕೋಕಾಗಲ್ಲ. ಮಾರ್ಕೋಸ್ ಅಂದರೆ ನೌಕಾಪಡೆಯ ಕಮಾಂಡೋ ಪಡೆ, ಅದಕ್ಕೆ ಹೊರಗಿನಿಂದ ನೇರ ಭರ್ತಿ ಇಲ್ಲ. ಮೊದಲು ನಾವಿಕರಾಗಿಯೋ ಅಧಿಕಾರಿಯಾಗಿಯೋ ನೌಕಾಪಡೆಗೆ ಸೇರಬೇಕು. ಆಮೇಲೆ ಒಳಗಿದ್ದುಕೊಂಡೇ, ಸ್ವಂತ ಇಚ್ಛೆಯಿಂದ ಹೆಸರು ಕೊಡಬೇಕು. ಹಾಗಾಗಿ ತಯಾರಿಯೂ ಎರಡು ಹಂತದ್ದು. ಒಂದು, ಬಾಗಿಲು ದಾಟೋದಕ್ಕೆ. ಇನ್ನೊಂದು, ದಾಟಿದ ಮೇಲೆ ಉಳಿಯೋದಕ್ಕೆ. ಹೆಚ್ಚಿನವರು ಎರಡನೆಯದರ ವಿಡಿಯೊ ನೋಡುತ್ತಾ ಮೊದಲನೆಯದರಲ್ಲೇ ಜಾರಿಬೀಳುತ್ತಾರೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಬಿಣಗಾ ಕಡೆಯಿಂದ ಸಮುದ್ರ ನೋಡಿದರೆ ಅಂಜದೀವ್ ದ್ವೀಪ ಕಾಣುತ್ತದೆ ಅಲ್ವಾ? 1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ಹೊತ್ತಿಗೆ, ಪೋರ್ಚುಗೀಸರ ಕೈಯಲ್ಲಿದ್ದ ಆ ದ್ವೀಪಕ್ಕೆ ಯುದ್ಧನೌಕೆಯ ನಾವಿಕರೇ ದೋಣಿ ಹತ್ತಿ ಇಳಿದರು. ದಡದಿಂದ ಗುಂಡಿನ ಮಳೆ ಸುರಿಯಿತು. ಏಳು ನಾವಿಕರು ಪ್ರಾಣ ಕೊಟ್ಟರು. ಇಂಥ ಕೆಲಸಕ್ಕೇ ತಯಾರಾದ ಪ್ರತ್ಯೇಕ ಪಡೆ ಆಗ ನೌಕಾಪಡೆಯಲ್ಲಿ ಇರಲಿಲ್ಲ. ಅದು ಬಂದದ್ದು 1987ರಲ್ಲಿ. ಮುಂಬೈಯ ಐಎನ್‌ಎಸ್ ಅಭಿಮನ್ಯು ಅದರ ಮುಖ್ಯ ನೆಲೆ. 2024ರ ಮಾರ್ಚ್‌ನಲ್ಲಿ ಇದೇ ಪಡೆಯವರು ಸಿ-17 ವಿಮಾನದಿಂದ ಅರಬ್ಬಿ ಸಮುದ್ರಕ್ಕೆ ಜಿಗಿದು, ಎಂವಿ ರುಯೆನ್ ಎಂಬ ಹಡಗನ್ನು ಕಡಲ್ಗಳ್ಳರಿಂದ ಬಿಡಿಸುವ ಕಾರ್ಯಾಚರಣೆಗೆ ಸೇರಿಕೊಂಡರು. ಸುಮಾರು 40 ಗಂಟೆ ನಡೆದ ಆ ಕಾರ್ಯಾಚರಣೆಯಲ್ಲಿ 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಬಿಡುಗಡೆಯಾದರು.

ಅವರು ಹುಡುಕೋದು ಏನನ್ನ?

ಆಯ್ಕೆಯ ಮೊದಲ ಹಂತ ಮೂರು ದಿನದ ದೈಹಿಕ ಮತ್ತು ಮಾನಸಿಕ ಪರೀಕ್ಷೆ. ಬಂದವರಲ್ಲಿ ಬಹುಪಾಲು ಜನ ಅಲ್ಲೇ ಕಡಿಮೆಯಾಗುತ್ತಾರೆ. ಆಮೇಲೆ ವಾರಗಟ್ಟಲೆ ನಿದ್ದೆ ಕಡಿಮೆ, ಕೆಲಸ ಜಾಸ್ತಿ. ತೊಡೆಮಟ್ಟದ ಕೆಸರಲ್ಲಿ ತೆವಳಿ, ಹೊರೆ ಹೊತ್ತು ಅಡೆತಡೆ ದಾಟಿ, ಕೊನೆಗೆ ಗುರಿ ಇಟ್ಟು ಗುಂಡು ಹಾರಿಸುವ ಒಂದು ಪರೀಕ್ಷೆಯ ಬಗ್ಗೆ ನೀವೂ ಕೇಳಿರುತ್ತೀರಿ. ಕೆಸರಿನ ಕತೆಗೆ ಎಲ್ಲರೂ ಬಾಯಿ ಬಿಡುತ್ತಾರೆ. ನನ್ನ ಪ್ರಕಾರ ಗಮನಿಸಬೇಕಾದದ್ದು ಕೊನೆಯ ಆ ಗುಂಡು. ಎದೆ ಬಡಿದುಕೊಳ್ಳುತ್ತಿದೆ, ಕೈ ನಡುಗುತ್ತಿದೆ, ಕಣ್ಣಲ್ಲಿ ಬೆವರು. ಆಗಲೂ ಉಸಿರು ಹಿಡಿತಕ್ಕೆ ತಂದು, ಹೇಳಿದ ಕಡೆಗೇ ಹೊಡೆಯಬೇಕು. ಸುಸ್ತಾದ ಮೇಲೂ ತಲೆ ಕೆಲಸ ಮಾಡುತ್ತದಾ? ಪರೀಕ್ಷೆ ಇರೋದು ಅದಕ್ಕೆ.

ಇದಕ್ಕೆ ನಮ್ಮೂರಲ್ಲೇ ಒಂದು ಉದಾಹರಣೆ ಇದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಯುದ್ಧನೌಕೆ ವಸ್ತುಸಂಗ್ರಹಾಲಯದ ಹತ್ತಿರ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾ ಮೂಲದವರು, ಪರಮವೀರ ಚಕ್ರ ಪಡೆದವರು. ಪ್ರವಾಸಿಗರು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಅವರು ಮಾಡಿದ್ದೇನು ಅಂತ ಓದುವವರು ಕಡಿಮೆ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿ ಕಡೆಗೆ ಹೊರಟ ಟ್ಯಾಂಕುಗಳಿಗೆ ದಾರಿ ಬಿಡಿಸಿಕೊಡುವುದು ಅವರ ಕೆಲಸ. ಮೊದಲ ದಿನವೇ ಶತ್ರುಗಳ ಶೆಲ್ ದಾಳಿಯಲ್ಲಿ ಗಾಯವಾಯಿತು. ಆದರೂ ಮುಂದಿನ ದಿನಗಳಲ್ಲಿ ಗುಂಡಿನ ಮಧ್ಯೆಯೇ ನೆಲಬಾಂಬು ತೆಗೆಯುತ್ತಾ, ಉರುಳಿಸಿದ್ದ ಮರಗಳನ್ನು ಸರಿಸುತ್ತಾ ಹೋದರು. ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ನಿಲ್ಲು, ನಡೆ ಅಂತ ಸೂಚನೆ ಕೊಟ್ಟರಂತೆ. ಅದಕ್ಕೆ ಬೇಕಾದದ್ದು ಜಿಮ್‌ನ ತೋಳಲ್ಲ. ಗಾಯ, ದಣಿವು, ಸದ್ದು ಎಲ್ಲದರ ನಡುವೆ ಮುಂದಿನ ಒಂದು ಕೆಲಸವನ್ನ ಸರಿಯಾಗಿ ಮಾಡುವ ತಲೆ.

ಬಾಗಿಲು ದಾಟುವುದು

ಹೆಚ್ಚಿನವರಿಗೆ ದಾರಿ ಅಗ್ನಿವೀರ್ ಯೋಜನೆ. 2022ರ ಜೂನ್‌ನಲ್ಲಿ ಘೋಷಣೆಯಾದದ್ದು. ನಾಲ್ಕು ವರ್ಷದ ಸೇವೆ, ಆಮೇಲೆ ಶೇ 25ರವರೆಗೆ ಮಾತ್ರ ಮುಂದುವರಿಕೆ. ಇದನ್ನ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ಮೊದಲೇ ಮಾತಾಡಿ. ವಯಸ್ಸು ಹದಿನೇಳೂವರೆಯಿಂದ 21. ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್) ವಿಭಾಗಕ್ಕೆ ಗಣಿತ, ಭೌತಶಾಸ್ತ್ರ ಇರುವ ಪಿಯುಸಿ ಬೇಕು. ಎಂಆರ್ (ಮೆಟ್ರಿಕ್ ರಿಕ್ರೂಟ್) ವಿಭಾಗಕ್ಕೆ ಎಸ್‌ಎಸ್‌ಎಲ್‌ಸಿ ಸಾಕು. ನಿಯಮ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ, ಹಾಗಾಗಿ ಪ್ರತಿ ಸಲ ನೌಕಾಪಡೆಯ ಅಧಿಕೃತ ಜಾಲತಾಣದ ಪ್ರಕಟಣೆಯನ್ನೇ ಪೂರ್ತಿ ಓದಿ. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಚಿತ್ರ ನಂಬಬೇಡಿ. ಅಧಿಕಾರಿಯಾಗಿ ಹೋಗುವವರಿಗೆ ಎನ್‌ಡಿಎ, ಸಿಡಿಎಸ್ ಪರೀಕ್ಷೆಗಳಿವೆ. ಹೆಣ್ಣುಮಕ್ಕಳಿಗೂ ಕಮಾಂಡೋ ಪಡೆಯ ಬಾಗಿಲು ತೆರೆದ ಸುದ್ದಿ 2022ರ ಕೊನೆಯಲ್ಲಿ ಬಂತು. ಕಷ್ಟ ಮಾತ್ರ ಎಲ್ಲರಿಗೂ ಒಂದೇ.

ನಮ್ಮ ಕಡೆಯ ಗಟ್ಟಿ ಹುಡುಗರು ಜಾಸ್ತಿ ಸೋಲುವುದು ಮೈದಾನದಲ್ಲಲ್ಲ, ಕಂಪ್ಯೂಟರ್ ಮುಂದೆ. ಲಿಖಿತ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಲೆಕ್ಕ ಬರುತ್ತದೆ, ಪ್ರಶ್ನೆಯೇ ಅರ್ಥವಾಗುವುದಿಲ್ಲ. ಓಟಕ್ಕೆ ಕೊಡುವಷ್ಟೇ ಹೊತ್ತನ್ನ ಇದಕ್ಕೂ ಕೊಡಿ. ಎಂಟರಿಂದ ಹನ್ನೆರಡನೇ ತರಗತಿಯವರೆಗಿನ ಗಣಿತ, ವಿಜ್ಞಾನದ ಪದಗಳನ್ನ ಇಂಗ್ಲಿಷ್‌ನಲ್ಲಿ ಒಂದು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಹಳೆಯ ಪ್ರಶ್ನೆಪತ್ರಿಕೆಗಳನ್ನ ಗಡಿಯಾರ ಇಟ್ಟುಕೊಂಡು ಬಿಡಿಸಿ.

ವೈದ್ಯಕೀಯ ತಪಾಸಣೆ ಇನ್ನೊಂದು ಜರಡಿ. ಬಣ್ಣಗುರುಡು, ಚಪ್ಪಟೆ ಪಾದ, ನಿಂತಾಗ ಒಂದಕ್ಕೊಂದು ತಾಗುವ ಮೊಣಕಾಲು, ಕಾಲಿನ ಉಬ್ಬಿದ ರಕ್ತನಾಳ, ಹಾಳಾದ ಹಲ್ಲು ಎಲ್ಲವನ್ನೂ ನೋಡುತ್ತಾರೆ. ಕಿವಿ ಬಗ್ಗೆ ಒಂದು ಮಾತು. ಹೊಳೆ, ಬಾವಿಯಲ್ಲಿ ಈಜಿ ಬೆಳೆದ ಎಷ್ಟೋ ಹುಡುಗರಿಗೆ ಕಿವಿ ಸೋರುವ ತೊಂದರೆ ಇರುತ್ತದೆ, ಎರಡು ಹನಿ ಎಣ್ಣೆ ಬಿಟ್ಟು ಸುಮ್ಮನಾಗುತ್ತಾರೆ. ಅದು ತಪ್ಪು. ಕಿವಿ ತಮಟೆಯಲ್ಲಿ ತೂತಿದ್ದರೆ ಡೈವಿಂಗ್ ಕನಸು ಅಲ್ಲಿಗೇ ನಿಲ್ಲಬಹುದು. ಅರ್ಜಿ ಹಾಕುವ ಮೊದಲೇ ಜಿಲ್ಲಾಸ್ಪತ್ರೆಯಲ್ಲಿ ಕಿವಿ, ಕಣ್ಣು, ಹಲ್ಲು ತೋರಿಸಿಬಿಡಿ. ಗುಣವಾಗುವಂಥದ್ದಾದರೆ ಗುಣಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಓಟ: ಮೊದಲು 6 ನಿಮಿಷ 30 ಸೆಕೆಂಡ್

ಪುರುಷರಿಗೆ 1.6 ಕಿ.ಮೀ. ಓಟಕ್ಕೆ 6 ನಿಮಿಷ 30 ಸೆಕೆಂಡ್, ಮಹಿಳೆಯರಿಗೆ 8 ನಿಮಿಷ. ಜೊತೆಗೆ ಬಸ್ಕಿ, ಪುಷ್‌ಅಪ್, ಸಿಟ್‌ಅಪ್. ಲೆಕ್ಕ ಹಾಕಿ: 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡಿನ ಆಸುಪಾಸು. ನಿಮ್ಮ ಗುರಿ 90 ಇರಲಿ. ಪರೀಕ್ಷೆಯ ದಿನ ಬಿಸಿಲು, ನೂಕುನುಗ್ಗಲು, ಹೆದರಿಕೆ ಎಲ್ಲ ಸೇರಿ ಒಂದಷ್ಟು ಸೆಕೆಂಡ್ ತಿಂದೇ ತಿನ್ನುತ್ತವೆ.

ವಾರಕ್ಕೆ ಮೂರು ಓಟ ಸಾಕು. ಒಂದು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನದ ಉದ್ದ ಓಟ. ಒಂದು ದಿನ 400 ಮೀಟರಿನ ಆರು ಸುತ್ತು, ಪ್ರತಿ ಸುತ್ತಿನ ನಡುವೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ ಮಧ್ಯಮ ವೇಗದಲ್ಲಿ ಮೂರು ನಾಲ್ಕು ಕಿ.ಮೀ. ಕಾರವಾರದವರಿಗೆ ಮಾಲಾದೇವಿ ಮೈದಾನ ಇದೆ, ಶಿರಸಿಯವರಿಗೆ ಮಾರಿಕಾಂಬಾ ಕ್ರೀಡಾಂಗಣ. ಕಡಲತೀರದಲ್ಲಿ ಓಡುವುದಾದರೆ ಇಳಿತದ ಹೊತ್ತಿಗೆ ಹೋಗಿ, ಒದ್ದೆಯಾಗಿ ಗಟ್ಟಿಯಾದ ಮರಳ ಮೇಲೆ ಓಡಿ. ಆದರೆ ಅಲ್ಲಿ ನೆಲ ಸಮುದ್ರದ ಕಡೆಗೆ ಇಳಿಜಾರು. ಒಂದೇ ದಿಕ್ಕಿಗೆ ಓಡುತ್ತಿದ್ದರೆ ಒಂದೇ ಕಾಲಿನ ಮೇಲೆ ಭಾರ ಬಿದ್ದು ಸೊಂಟ, ಮೊಣಕಾಲು ಹಿಡಿದುಕೊಳ್ಳುತ್ತದೆ. ಹೋದಷ್ಟೇ ದೂರ ತಿರುಗಿ ಬನ್ನಿ. ಒಣ ಮರಳಲ್ಲಿ ದಿನಾ ಓಡುವುದು ಹೀರೋಗಿರಿ ಅಷ್ಟೆ, ಹಿಮ್ಮಡಿಯ ಸ್ನಾಯುರಜ್ಜು ಕೆಡುತ್ತದೆ.

ಮೊಣಕಾಲ ಕೆಳಗಿನ ಮುಂದಿನ ಮೂಳೆ ಒಂದೇ ಜಾಗದಲ್ಲಿ, ಬೆರಳಿಟ್ಟರೆ ಚುಚ್ಚುವ ಹಾಗೆ ನೋಯುತ್ತಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅದು ಮೂಳೆ ಬಿರುಕಿನ ಸೂಚನೆ ಇರಬಹುದು. ಸಹಿಸಿಕೊಂಡು ಓಡುವ ನೋವಲ್ಲ ಅದು.

ಹೊರೆ ಹೊತ್ತು ಗುಡ್ಡ ಹತ್ತುವುದು

ಬಾಗಿಲು ದಾಟಲು ಇದು ಬೇಡ, ಉಳಿಯಲು ಬೇಕು. ನಮ್ಮ ಜಿಲ್ಲೆಯವರಿಗೆ ಗುಡ್ಡಕ್ಕೇನು ಬರ. ಕಾರವಾರದಲ್ಲಿ ಗುಡ್ಡಳ್ಳಿ ಕಡೆಯ ಹತ್ತು, ಕುಮಟಾದವರಿಗೆ ಯಾಣದ ಕಡೆಯ ದಾರಿ, ಶಿರಸಿ ಸುತ್ತಮುತ್ತ ಎಲ್ಲಿ ನೋಡಿದರೂ ಏರು. ದೇವಿಮನೆ ಘಟ್ಟದ ಮುಖ್ಯ ರಸ್ತೆ ಮಾತ್ರ ಬೇಡ, ಲಾರಿಗಳ ಕಾಟ.

ಬ್ಯಾಗಿಗೆ ಕಲ್ಲು ತುಂಬಬೇಡಿ. ಒಂದು ಲೀಟರಿನ ನೀರಿನ ಬಾಟಲಿ ತುಂಬಿ. ಲೀಟರಿಗೆ ಒಂದು ಕೆಜಿ, ಲೆಕ್ಕ ಸುಲಭ. ಐದು ಬಾಟಲಿಯಿಂದ ಶುರು ಮಾಡಿ. ಹಳೆಯ ಟವೆಲ್ಲನ್ನ ಬ್ಯಾಗಿನ ತಳಕ್ಕೆ ತುರುಕಿ, ಬಾಟಲಿಗಳು ಸೊಂಟದ ಮೇಲೆ ಜೋತುಬೀಳದೆ ಭುಜದ ಮೂಳೆಗಳ ನಡುವೆ, ಬೆನ್ನಿಗೆ ಅಂಟಿಕೊಂಡು ಕೂರಬೇಕು. ನಡೆಯುವಾಗ ನೀರು ಕುಲುಕುವ ಸದ್ದು ಬಂದರೆ ಬಾಟಲಿ ಪೂರ್ತಿ ತುಂಬಿಲ್ಲ ಅಂತ. ಗುಡ್ಡದ ತುದಿ ಮುಟ್ಟಿದ ಮೇಲೆ ಕುಡಿಯಲು ಒಂದೆರಡು ಉಳಿಸಿಕೊಂಡು ಮಿಕ್ಕದ್ದನ್ನ ಚೆಲ್ಲಿಬಿಡಿ. ಮೊಣಕಾಲು ಕೆಡುವುದು ಹೊರೆ ಹೊತ್ತು ಇಳಿಯುವಾಗ. ವಾರಕ್ಕೊಮ್ಮೆ ಸಾಕು, ತೂಕ ಏರಿಸುವುದು ಎರಡು ಮೂರು ವಾರಕ್ಕೊಂದು ಬಾಟಲಿಯಂತೆ. ಹೊರೆ ಹೊತ್ತು ಓಡಬೇಡಿ, ಬಿರುಸಾಗಿ ನಡೆಯಿರಿ.

ಮಳೆಗಾಲದಲ್ಲಿ ಉಂಬಳದ ಚಿಂತೆ ಎಲ್ಲರಿಗೂ. ನಿಜವಾದ ಶತ್ರು ಒದ್ದೆ ಕಾಲುಚೀಲ. ಎರಡು ಜೊತೆ ಇಟ್ಟುಕೊಳ್ಳಿ, ಮಧ್ಯದಲ್ಲಿ ಬದಲಾಯಿಸಿ, ಮನೆಗೆ ಬಂದ ತಕ್ಷಣ ಬೆರಳ ಸಂದು ಒರೆಸಿ ಒಣಗಿಸಿ. ಪಾದ ನೋಡಿಕೊಳ್ಳುವುದು ಅಲ್ಲಿಗೆ ಹೋದ ಮೇಲೆ ಕಲಿಯುವ ವಿಷಯ ಅಲ್ಲ.

ನೀರು: ನಮಗೆ ಗೊತ್ತು ಅಂದುಕೊಂಡಿರುವುದು

ಕರಾವಳಿಯ ಹುಡುಗನನ್ನ ಈಜು ಬರುತ್ತದಾ ಅಂತ ಕೇಳಿದರೆ ನಗುತ್ತಾನೆ. ಬರುತ್ತದೆ, ನಿಜ. ಆದರೆ ತಲೆಯನ್ನ ನೀರಿನ ಮೇಲೇ ಎತ್ತಿ, ಕೈ ಬಡಿದು ಈಜುವ ನಮ್ಮ ಹೊಳೆ ಈಜು ನೂರಿನ್ನೂರು ಮೀಟರಿಗೆ ಸುಸ್ತು ಮಾಡುತ್ತದೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ನೀರನ್ನ ಇಡೀ ಮೈಯಿಂದ ತಳ್ಳಿದ ಹಾಗೆ. ಈಜುಕೊಳ ಸಿಗುವ ಕಡೆ ಕೆಲವು ತಿಂಗಳು ತರಬೇತುದಾರರ ಹತ್ತಿರ ಕಲಿಯಿರಿ. ಅಹಂಕಾರ ಬಿಟ್ಟು ಮೊದಲಿನಿಂದ.

ಕಲಿಯುವ ಕ್ರಮ ಹೀಗಿರಲಿ. ಮೊದಲು ಮುಖ ನೀರಲ್ಲಿಟ್ಟು ಉಸಿರು ಬಿಡುವುದು, ಪಕ್ಕಕ್ಕೆ ತಿರುಗಿ ಎಳೆದುಕೊಳ್ಳುವುದು. ಆಮೇಲೆ ಫ್ರೀಸ್ಟೈಲ್, ಬ್ರೆಸ್ಟ್ ಸ್ಟ್ರೋಕ್. ಆಮೇಲೆ ಅಲುಗಾಡದೆ ಅಂಗಾತ ತೇಲುವುದು. ಆಮೇಲೆ ಕೈ ಮೇಲೆತ್ತಿ, ಬರೀ ಕಾಲಿನಿಂದ ನಿಂತಲ್ಲೇ ತೇಲುವುದು. ಇದು ಎರಡು ನಿಮಿಷ ದಾಟುವಾಗ ಗೊತ್ತಾಗುತ್ತದೆ ಎಷ್ಟು ಕಷ್ಟ ಅಂತ. ಕೊನೆಗೆ ಪ್ಯಾಂಟು, ಶರ್ಟು ಹಾಕಿಕೊಂಡು ಈಜುವುದು, ಅದೂ ಕಾವಲಿಗೆ ಜನ ಇದ್ದಾಗ ಮಾತ್ರ.

ಒಂದು ವಿಷಯದಲ್ಲಿ ತಮಾಷೆ ಬೇಡವೇ ಬೇಡ. ಅದು ನೀರೊಳಗೆ ಉಸಿರು ಕಟ್ಟುವ ಪಂದ್ಯ. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿದರೆ ಜಾಸ್ತಿ ಹೊತ್ತು ಇರಬಹುದು ಅಂತ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಜಾಸ್ತಿ ಹೊತ್ತು ಇರುತ್ತೀರಿ, ಆದರೆ ಆಮ್ಲಜನಕ ಜಾಸ್ತಿಯಾಗಿ ಅಲ್ಲ. ಉಸಿರು ಬೇಕು ಅಂತ ಒಳಗಿಂದ ಒದ್ದಾಡಿಸುವುದು ರಕ್ತದಲ್ಲಿ ಸೇರುವ ಇಂಗಾಲದ ಡೈ ಆಕ್ಸೈಡ್. ಜೋರು ಉಸಿರಾಟ ಅದನ್ನ ಹೊರಹಾಕಿಬಿಡುತ್ತದೆ. ಎಚ್ಚರಿಕೆಯ ಗಂಟೆಯೇ ಬಂದ್. ಆಮ್ಲಜನಕ ಮುಗಿದು, ಒದ್ದಾಟವೇ ಇಲ್ಲದೆ ಪ್ರಜ್ಞೆ ಹೋಗುತ್ತದೆ. ದಡದಲ್ಲಿರುವವರು ಇನ್ನೂ ಪಂದ್ಯ ನಡೆಯುತ್ತಿದೆ ಅಂದುಕೊಂಡಿರುತ್ತಾರೆ. ಚೆನ್ನಾಗಿ ಈಜು ಬರುವವರೇ ಹೀಗೆ ಹೋಗುವುದು. ಕೈಕಾಲು ಕಟ್ಟಿಕೊಂಡು ತೇಲುವ ವಿಡಿಯೊಗಳೂ ಅಷ್ಟೇ. ಅಲ್ಲಿ ಪ್ರತಿಯೊಬ್ಬನ ಪಕ್ಕ ಡೈವರ್ ಇರುತ್ತಾನೆ. ನಿಮ್ಮ ಪಕ್ಕ ಇರುವುದು ಮೊಬೈಲ್ ಹಿಡಿದ ಗೆಳೆಯ.

ಸಮುದ್ರಕ್ಕೆ ಇಳಿಯುವುದು ಅಕ್ಟೋಬರ್ ನಂತರ, ಕಡಲು ಶಾಂತವಾದ ಮೇಲೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ, ನೀವು ಯಾವ ಲೆಕ್ಕ? ಕೋಡಿಬಾಗದ ಕಡೆ, ಕಾಳಿ ನದಿ ಸಮುದ್ರ ಸೇರುವಲ್ಲಿ ಇಳಿತದ ಹೊತ್ತಿಗೆ ಈಜಲೇಬೇಡಿ. ಹೊಳೆಯ ನೀರೂ ಇಳಿತದ ನೀರೂ ಒಟ್ಟಿಗೇ ಹೊರಗೆ ಎಳೆಯುತ್ತವೆ. ಎಲ್ಲೇ ಆದರೂ ಎಳೆತಕ್ಕೆ ಸಿಕ್ಕರೆ ದಡದ ಕಡೆಗೆ ಜಗ್ಗಾಡಬೇಡಿ, ದಡದ ಉದ್ದಕ್ಕೆ ಈಜಿ. ಎಳೆತದ ಪಟ್ಟಿ ದಾಟಿದ ಮೇಲೆ ಒಳಗೆ ಬನ್ನಿ. ಅಲೆ ಒಡೆಯದೆ ನೀರು ಶಾಂತವಾಗಿ, ಮರಳು ಕದಡಿ ಕಾಣುವ ಜಾಗ ಸುರಕ್ಷಿತ ಅಂತ ಹೊರಗಿನವರು ತಿಳಿಯುತ್ತಾರೆ. ಎಳೆತ ಇರುವುದು ಹೆಚ್ಚಾಗಿ ಅಲ್ಲೇ.

ತಲೆ ಮತ್ತು ತಂಡ

ನಿದ್ದೆಗೆಟ್ಟು ಅಭ್ಯಾಸ ಮಾಡುತ್ತೇನೆ ಅಂತ ಕೆಲವರು ರಾತ್ರಿಯೆಲ್ಲ ಎದ್ದಿರುತ್ತಾರೆ. ಸುಮ್ನೆ ಆರೋಗ್ಯ ಹಾಳು. ನಿದ್ದೆಗೇಡು ಅಭ್ಯಾಸದಿಂದ ಬರುವ ಶಕ್ತಿ ಅಲ್ಲ. ಬದಲಿಗೆ ಸುಸ್ತಿನ ತುದಿಯಲ್ಲಿ ಒಂದು ಸಣ್ಣ ಕೆಲಸ ಇಟ್ಟುಕೊಳ್ಳಿ. ಕೊನೆಯ ಸುತ್ತು ಮುಗಿದ ಕೂಡಲೇ, ಕೂರುವ ಮೊದಲು, ಮೀಟರ್ ಉದ್ದದ ಹಗ್ಗದಲ್ಲಿ ಬೋಲೈನ್ ಗಂಟು ಹಾಕಿ. ನಿಮ್ಮೂರಿನ ದೋಣಿಯವರನ್ನ ಕೇಳಿದರೆ ಕಣ್ಣು ಮುಚ್ಚಿ ಹಾಕಿ ತೋರಿಸುತ್ತಾರೆ. ಮನೆಯಲ್ಲಿ ಕೂತು ಹಾಕಿದರೆ ನಾಲ್ಕು ಸೆಕೆಂಡಿನ ಗಂಟು. ಓಡಿ ಬಂದ ಮೇಲೆ ಅದೇ ಗಂಟಿನಲ್ಲಿ ಹಗ್ಗದ ತುದಿ ತಪ್ಪು ಕಡೆಯಿಂದ ಹೋಗುತ್ತದೆ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಬೆವರಿದ ಬೆರಳು, ಓಡುವ ಉಸಿರು. ಆಗ ಎರಡು ಉಸಿರು ನಿಧಾನ ತೆಗೆದುಕೊಂಡು ಮತ್ತೆ ಹಾಕಿ. ಇದೇ ಥರ ಓಟಕ್ಕೆ ಮೊದಲು ಗೆಳೆಯನೊಬ್ಬ ಹತ್ತು ಸಾಮಾನು ತೋರಿಸಲಿ, ಮುಗಿದ ಮೇಲೆ ನೆನಪಿನಿಂದ ಬರೆಯಿರಿ.

ಇನ್ನು ತಂಡ. ಒಬ್ಬನೇ ಎಲ್ಲರಿಗಿಂತ ಮುಂದೆ ಓಡಿಹೋಗುವವನನ್ನ ಇಂಥ ಪಡೆಗಳು ಅನುಮಾನದಿಂದ ನೋಡುತ್ತವೆ. ಜೊತೆಗಾರ ಬಿದ್ದರೆ ಅವನ ಹೊರೆ ಯಾರು ಹೊರುತ್ತಾರೆ ಅನ್ನುವುದನ್ನ ಗಮನಿಸುತ್ತಾರೆ. ಮಳೆಗಾಲ ಮುಗಿದ ಮೇಲೆ ನಿಮ್ಮ ತೀರದಲ್ಲಿ, ಎಲ್ಲರೂ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆ ಬಿಟ್ಟರೆ ಹೋಗಿ ಹಗ್ಗ ಹಿಡಿಯಿರಿ, ಯಾರೂ ಬೇಡ ಅನ್ನುವುದಿಲ್ಲ. ನೀವು ಸಡಿಲ ಬಿಟ್ಟ ಕೂಡಲೇ ಮುಂದಿನ ಅಜ್ಜ ತಿರುಗಿ ನೋಡುತ್ತಾರೆ. ಅವರಿಗೆ ಹಗ್ಗದಲ್ಲೇ ಗೊತ್ತಾಗುತ್ತದೆ.

ಊಟದ ಬಗ್ಗೆ ದೊಡ್ಡ ಮಾತಿಲ್ಲ. ಕುಚ್ಚಲಕ್ಕಿ ಗಂಜಿ, ಬಂಗಡೆ, ತಾರ್ಲೆ, ಮೊಟ್ಟೆ, ಹುರುಳಿ, ಹೆಸರುಕಾಳು, ಬಾಳೆಹಣ್ಣು. ಘಟ್ಟದ ಮೇಲಿನ ಸಸ್ಯಾಹಾರಿಗಳು ಕಾಳು, ಹಾಲು, ಮೊಸರು ಜಾಸ್ತಿ ಮಾಡಿದರೆ ಸಾಕು. ಬಿಲ್ ಇಲ್ಲದೆ ಮಾರುವ ಪುಡಿ, ಇಂಜೆಕ್ಷನ್ ಹತ್ತಿರ ಹೋಗಬೇಡಿ.

ಒಳಗೆ ಹೋದ ಮೇಲೆ

ಅಗ್ನಿವೀರರ ಆರಂಭದ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಅಲ್ಲಿ ಮೊದಲು ಒಳ್ಳೆಯ ನಾವಿಕರಾಗಿ. ಆಮೇಲೆ ಹಡಗಿಗೋ ನೆಲೆಗೋ ಹೋದಾಗ, ಕಮಾಂಡೋ ಪಡೆಗೆ ಆಸಕ್ತರನ್ನ ಕರೆದರೆ ಹೆಸರು ಕೊಡಿ. ಹಡಗಿನಲ್ಲಿ ಓಡಲು ಜಾಗ ಇರುವುದಿಲ್ಲ, ಮೈ ಬೇಗ ಸಡಿಲವಾಗುತ್ತದೆ. ಪುಲ್‌ಅಪ್, ಪುಷ್‌ಅಪ್, ಬಸ್ಕಿ ಬಿಡಬೇಡಿ.

ಆಯ್ಕೆಯಲ್ಲಿ ಉಳಿದವರಿಗೆ ಅಭಿಮನ್ಯುವಿನಲ್ಲಿ ಮೂಲ ತರಬೇತಿ, ಆಗ್ರಾದಲ್ಲಿ ಪ್ಯಾರಾಶೂಟ್, ಕೊಚ್ಚಿಯಲ್ಲಿ ಡೈವಿಂಗ್. ಮಿಜೋರಾಂನ ವೈರೆಂಗ್ಟೆಯ ಶಾಲೆಯಲ್ಲಿ ಕಾಡಿನ ಯುದ್ಧ ಕಲಿಸುತ್ತಾರೆ. ಮಧ್ಯದಲ್ಲಿ ಬಿಟ್ಟು ಬಂದವರು ತಮ್ಮ ಮೂಲ ಕೆಲಸಕ್ಕೆ ಮರಳುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಬಿಟ್ಟು ಬರುವವರೇ ಜಾಸ್ತಿ. ಭೂಸೇನೆ ಇಷ್ಟಪಡುವವರಿಗೆ ಅಲ್ಲಿನ ಕಮಾಂಡೋ ಪಡೆ ಪ್ಯಾರಾ ಎಸ್‌ಎಫ್ ಇದೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಅಲ್ಲೂ ಸ್ವಂತ ಇಚ್ಛೆಯಿಂದ ಬಂದವರನ್ನ ಮೂರು ತಿಂಗಳ ಪ್ರೊಬೇಷನ್‌ನಲ್ಲಿ ಸೋಸುತ್ತಾರೆ.

ಕೊನೆಯದಾಗಿ ಎರಡು ಎಚ್ಚರಿಕೆ. ನೇಮಕಾತಿ ಹೊತ್ತಿಗೆ "ಒಳಗೆ ನಮ್ಮವರಿದ್ದಾರೆ" ಅನ್ನುವ ದಲ್ಲಾಳಿಗಳು ಹುಟ್ಟಿಕೊಳ್ಳುತ್ತಾರೆ. ಅರ್ಜಿಯ ಶುಲ್ಕ ಕಟ್ಟುವುದು ಜಾಲತಾಣದಲ್ಲಿ ಮಾತ್ರ, ಬೇರೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಮೂಲ ಅಂಕಪಟ್ಟಿಯನ್ನ ಯಾರ ಕೈಗೂ ಒತ್ತೆ ಇಡಬೇಡಿ. ಇನ್ನೊಂದು, ಕದಂಬ ನೌಕಾನೆಲೆ ನಮ್ಮ ಪಕ್ಕದಲ್ಲೇ ಇದೆ. ಅರ್ಗಾ, ಬಿಣಗಾ ಕಡೆ ಹೋದಾಗ ಹಡಗಿನ ಫೋಟೊ, ವಿಡಿಯೊ ತೆಗೆದು ಹಾಕುವ ಚಟ ಇದ್ದರೆ ಇವತ್ತೇ ಬಿಡಿ. ನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ನಮ್ಮ ಜಿಲ್ಲೆಯಲ್ಲೇ ಬಂಧನಗಳಾಗಿವೆ. ಪರಿಚಯವಿಲ್ಲದ ಹುಡುಗಿಯೊಬ್ಬಳು ಫೇಸ್‌ಬುಕ್‌ನಲ್ಲಿ ಸ್ನೇಹ ಬೆಳೆಸಿ, ನಿಮ್ಮೂರ ಹಡಗುಗಳ ಬಗ್ಗೆ ವಿಚಾರಿಸಿದರೆ ಉತ್ತರ ಕೊಡದೆ ಬ್ಲಾಕ್ ಮಾಡಿ. ಆಮೇಲೆ ಪೊಲೀಸ್ ಠಾಣೆಗೆ ಹೋಗಿ ತಿಳಿಸಿಬಿಡಿ. ನೇಮಕಾತಿಗೆ ಮುಂಚೆ ನಿಮ್ಮ ನಡತೆ ಪರಿಶೀಲಿಸುವವರೂ ಅದೇ ಠಾಣೆಯವರು.